ಘಟ್ಟ ಇಳಿಯುವ ಮಿಲಿಟರಿ ಗಾಡಿ

ಗಾಡಿಯೊಂದು ಘಟ್ಟ ಹತ್ತಿದರೆ ಜನ ಅದರ ಎಂಜಿನ್ನನ್ನು ಹೊಗಳುತ್ತಾರೆ. ಅದೇ ಗಾಡಿ ತುಂಬಿದ ಲೋಡಿನೊಂದಿಗೆ ಕ್ಷೇಮವಾಗಿ ಕೆಳಗಿಳಿದಾಗ ಅದರ ಬ್ರೇಕನ್ನು ನೆನೆಯುವವರು ಕಡಿಮೆ. ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಂಥ ಊರುಗಳಲ್ಲಿ ವಾಹನದ ಯೋಗ್ಯತೆ ಗೊತ್ತಾಗುವುದು ಇಳಿಜಾರಿನಲ್ಲೇ. ಶೃಂಗೇರಿಯಿಂದ ಕೆರೆಕಟ್ಟೆಯ ಮೂಲಕ ಕಾರ್ಕಳದ ಕಡೆಗೆ ಹೊರಟರೂ ಇಳಿಜಾರು. ಪಕ್ಕದ ಆಗುಂಬೆಯತ್ತ ಹೊರಳಿದರೆ ಹದಿನಾಲ್ಕು ಹಿಮ್ಮುರಿ ತಿರುವುಗಳ ಘಾಟಿ. ಅದರ ಮೇಲೆ ಮಲೆನಾಡಿನ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಇಂಥ ನೆಲದಲ್ಲಿ ಸೈನ್ಯದಿಂದ ನಿವೃತ್ತಿಯಾಗಿ ಬಂದ ಹಳೆಯ ಜೀಪು, ಲಾರಿಗಳು ದಶಕಗಟ್ಟಲೆ ದುಡಿದವು. ಅವು ಬಾಳಿಕೆ ಬಂದದ್ದಕ್ಕೆ ಗಟ್ಟಿ ಕಬ್ಬಿಣವೊಂದೇ ಕಾರಣವಲ್ಲ. ಗಾಲಿಯೊಳಗಿನ ಹಬ್, ಆಯಿಲ್ ಸೀಲ್ ಮತ್ತು ಬ್ರೇಕುಗಳನ್ನು ಕಾಲಕಾಲಕ್ಕೆ ಬಿಚ್ಚಿ, ತೊಳೆದು, ಜೋಡಿಸುತ್ತಿದ್ದ ಕೈಗಳೂ ಅಷ್ಟೇ ಕಾರಣ.

ಡಿಸ್ಪೋಜಲ್ ಗಾಡಿಗಳ ಕಾಲ

ಎರಡನೆಯ ಮಹಾಯುದ್ಧ 1945ರಲ್ಲಿ ಮುಗಿದಾಗ ಭಾರತದಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ಸೈನ್ಯಗಳ ವಾಹನಗಳು ರಾಶಿರಾಶಿಯಾಗಿ ಉಳಿದುಬಿಟ್ಟವು. ವಿಲ್ಲೀಸ್ ಜೀಪು, ಡಾಡ್ಜ್, ಕೆನಡಾದಲ್ಲಿ ತಯಾರಾದ ಫೋರ್ಡ್ ಮತ್ತು ಷೆವರ್ಲೆ ಲಾರಿಗಳು ಹರಾಜಿನಲ್ಲಿ ಖಾಸಗಿಯವರ ಕೈಸೇರಿದವು. ‘ಡಿಸ್ಪೋಜಲ್ ಗಾಡಿ’ ಎಂಬ ಮಾತು ಹುಟ್ಟಿದ್ದು ಹೀಗೆ. ಮುಂದೆ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪನ್ನು ಜೋಡಿಸತೊಡಗಿತು. 1959ರಲ್ಲಿ ಜರ್ಮನಿಯ ಮ್ಯಾನ್ ಕಂಪನಿಯ ಸಹಯೋಗದಿಂದ ಜಬಲ್ಪುರದಲ್ಲಿ ‘ಶಕ್ತಿಮಾನ್’ ಲಾರಿ ಹೊರಬಂತು. ಸೈನ್ಯ ಬಳಸಿ ಬಿಟ್ಟ ಇಂಥ ವಾಹನಗಳೂ ಕ್ರಮೇಣ ಹರಾಜಿಗೆ ಬಂದವು.

ಮಲೆನಾಡಿಗೆ ಇವು ಹೇಳಿ ಮಾಡಿಸಿದಂತಿದ್ದವು. ನಾಲ್ಕೂ ಗಾಲಿಗೆ ಎಂಜಿನ್ನಿನ ಶಕ್ತಿ ತಲುಪುವುದರಿಂದ ಕೆಸರಿನಲ್ಲಿ ಹೂತುಕೊಳ್ಳುವ ಭಯ ಕಡಿಮೆ. ಕಾಫಿ ತೋಟ, ಅಡಿಕೆ ತೋಟ, ಮರದ ದಿಮ್ಮಿ ಬಿದ್ದಿರುವ ಕಾಡಿನ ಕೂಪು, ಎಲ್ಲಿಗಾದರೂ ನುಗ್ಗಬಲ್ಲವು. ಒಂದು ಕಾಲಕ್ಕೆ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿ ಅಗಲದ ಹಳಿಯ ಮೇಲೆ ಪುಟ್ಟ ರೈಲು ಓಡುತ್ತಿತ್ತು. ಆ ರೈಲು ನಿಂತ ಮೇಲೆ ಈ ಸೀಮೆಯ ಸರಕೆಲ್ಲ ರಸ್ತೆಯನ್ನೇ ನಂಬಬೇಕಾಯಿತು.

ಗುಂಬದಿಂದ ಹಬ್‌ವರೆಗೆ

ಎತ್ತಿನ ಗಾಡಿಯನ್ನು ಬಲ್ಲವರಿಗೆ ಲಾರಿಯ ಗಾಲಿ ಅರ್ಥವಾಗುವುದು ಕಷ್ಟವಲ್ಲ. ಗಾಡಿಯ ಚಕ್ರದ ನಡುವೆ ಗುಂಬವಿದೆ, ಅದರೊಳಗೆ ಅಚ್ಚು, ತುದಿಯಲ್ಲಿ ಚಕ್ರ ಕಳಚದಂತೆ ಕಡೆಗೀಲು, ಸವೆಯದಂತೆ ಕೀಲೆಣ್ಣೆ. ಲಾರಿಯಲ್ಲಿ ಗುಂಬವೇ ಹಬ್. ಕಡೆಗೀಲಿನ ಜಾಗದಲ್ಲಿ ನಟ್ಟು ಮತ್ತು ಲಾಕ್ ವಾಷರ್. ಕೀಲೆಣ್ಣೆಯ ಜಾಗದಲ್ಲಿ ಗ್ರೀಸು. ಹೊಸದಾಗಿ ಸೇರಿರುವುದು ಬೇರಿಂಗ್ ಮತ್ತು ಆಯಿಲ್ ಸೀಲ್. ಬ್ರೇಕು ಕೂಡ ಹಳ್ಳಿಯ ಬಾಯಲ್ಲಿ ‘ಬಿರಿ’ಯಾಗಿ ಎತ್ತಿನ ಗಾಡಿಗೂ ಅಂಟಿಕೊಂಡ ಮಾತೇ.

ಮಿಲಿಟರಿ ಗಾಡಿಗಳ ಹಬ್ಬಿನಲ್ಲಿ ಒಂದು ವಿಶೇಷವಿದೆ. ವಾಹನದ ಭಾರವನ್ನೆಲ್ಲ ಹೊರಗಿನ ಕೊಳವೆಯಂಥ ಹೌಸಿಂಗ್ ಹೊರುತ್ತದೆ. ಒಳಗಿನ ಎಕ್ಸೆಲ್ ಶಾಫ್ಟಿನ ಕೆಲಸ ತಿರುಗಿಸುವುದಷ್ಟೇ. ಆದ್ದರಿಂದ ಕಾಡಿನ ನಡುವೆ ಶಾಫ್ಟ್ ತುಂಡಾದರೂ ಗಾಲಿ ಕಳಚಿ ಬೀಳುವುದಿಲ್ಲ. ಮುರಿದ ಶಾಫ್ಟನ್ನು ಹೊರಗೆಳೆದು, ಇನ್ನೊಂದು ಎಕ್ಸೆಲ್ಲಿನ ಬಲದಿಂದ ಊರು ಸೇರಬಹುದು. ಯುದ್ಧಭೂಮಿಗೆಂದು ಮಾಡಿದ ಈ ಏರ್ಪಾಡು ತೋಟದ ದಾರಿಯಲ್ಲೂ ಅಷ್ಟೇ ಉಪಕಾರಿಯಾಯಿತು.

ಹಬ್ಬಿನೊಳಗೆ ಮೊನಚು ಆಕಾರದ ಎರಡು ರೋಲರ್ ಬೇರಿಂಗುಗಳು ಎದುರುಬದುರಾಗಿ ಕೂರುತ್ತವೆ. ನಟ್ಟನ್ನು ಎಷ್ಟು ಬಿಗಿಯಬೇಕೆಂಬುದರಲ್ಲೇ ಜಾಣತನವಿದೆ. ಹೆಚ್ಚು ಬಿಗಿದರೆ ಬೇರಿಂಗ್ ಕಾದು ಗ್ರೀಸು ಕರಗಿ ಹರಿಯುತ್ತದೆ. ಸಡಿಲವಾದರೆ ಗಾಲಿ ಅಲುಗಾಡಿ, ಡ್ರಮ್ ವಾಲಿ, ಸೀಲ್ ಹರಿಯುತ್ತದೆ. ವಿಲ್ಲೀಸ್ ಜೀಪಿನಲ್ಲಿ ಗಾಲಿಯನ್ನು ಕೈಯಿಂದ ತಿರುಗಿಸುತ್ತ ಅದು ಬಿಗಿಯುವವರೆಗೆ ನಟ್ಟು ತಿರುಗಿಸಿ, ಆಮೇಲೆ ಸುಮಾರು ಆರನೆಯ ಒಂದು ಸುತ್ತಿನಷ್ಟು ಹಿಂದಕ್ಕೆ ಬಿಡುವುದು ಕ್ರಮ. ನಂತರ ಲಾಕ್ ವಾಷರ್ ಇಟ್ಟು ಎರಡನೆಯ ನಟ್ಟು ಬಿಗಿದು, ವಾಷರಿನ ಅಂಚನ್ನು ಮಡಿಸಬೇಕು. ಹಳೆಯ ವಾಷರನ್ನೇ ಮತ್ತೆ ಮತ್ತೆ ಮಡಿಸಿದರೆ ಅದು ಮುರಿಯುವುದು ಖಂಡಿತ. ಇದರ ಬೆಲೆ ಅಲ್ಪ. ಉಳಿಸಿದರೆ ಹೋಗುವುದು ಗಾಲಿಯೇ.

ಸೀಲ್ ಎಂಬ ಕಾವಲುಗಾರ

ಹಬ್ಬಿನ ಒಳಬದಿಯಲ್ಲಿ ಉಂಗುರದಂತೆ ಕೂರುವ ಆಯಿಲ್ ಸೀಲಿಗೆ ಎರಡು ಕೆಲಸ. ಒಳಗಿನ ಗ್ರೀಸನ್ನು ಹೊರಗೆ ಬಿಡಬಾರದು. ಹೊರಗಿನ ನೀರು, ಕೆಸರನ್ನು ಒಳಗೆ ಬಿಡಬಾರದು. ಯುದ್ಧಕಾಲದ ವಾಹನಗಳಲ್ಲಿ ಚರ್ಮದ ಮತ್ತು ಉಣ್ಣೆಯ ಫೆಲ್ಟಿನ ಸೀಲುಗಳಿದ್ದವು. ಚರ್ಮದ ಸೀಲನ್ನು ಎಣ್ಣೆಯಲ್ಲಿ ನೆನೆಸಿಟ್ಟು ಮೆದುವಾದ ಮೇಲೆ ಕೂರಿಸಬೇಕಿತ್ತು. ಈಗ ಅವುಗಳ ಜಾಗಕ್ಕೆ ರಬ್ಬರಿನ ತುಟಿಯಿರುವ ಸೀಲುಗಳು ಬಂದಿವೆ.

ಹಳ್ಳ ದಾಟುವ ಗಾಡಿಗಳಲ್ಲಿ ಸೀಲ್ ಸೋಲುವುದಕ್ಕೆ ಒಂದು ಸೂಕ್ಷ್ಮ ಕಾರಣವಿದೆ. ಓಡಿ ಬಿಸಿಯಾದ ಹಬ್ ತಣ್ಣನೆಯ ನೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗುತ್ತದೆ. ಆಗ ಸವೆದ ಸೀಲಿನ ಸಂದಿನಿಂದ ನೀರು ಒಳಕ್ಕೆ ಎಳೆದುಕೊಳ್ಳುತ್ತದೆ. ಹೀಗೆ ನೀರು ಕುಡಿದ ಗ್ರೀಸು ಮಜ್ಜಿಗೆಯ ಬಣ್ಣಕ್ಕೆ ತಿರುಗುತ್ತದೆ. ಅದರ ಹಿಂದೆಯೇ ಬೇರಿಂಗಿಗೆ ತುಕ್ಕು. ಹಬ್ ಬಿಚ್ಚಿದಾಗ ಗ್ರೀಸಿನ ಬಣ್ಣ ನೋಡಿಯೇ ಮೇಸ್ತ್ರಿ ಸೀಲಿನ ಸ್ಥಿತಿಯನ್ನು ಹೇಳಬಲ್ಲ.

ಎಕ್ಸೆಲ್ ಹೌಸಿಂಗಿನ ಮೇಲೆ ಬ್ರೀದರ್ ಎಂಬ ಪುಟ್ಟ ಉಸಿರು ತೂತು ಇರುತ್ತದೆ. ಕೆಸರು ಮೆತ್ತಿ ಅದು ಮುಚ್ಚಿಹೋದರೆ, ಬಿಸಿಯಾದ ಗಾಳಿ ಹೊರಹೋಗಲು ದಾರಿಯಿಲ್ಲದೆ ಗೇರ್ ಆಯಿಲನ್ನು ಸೀಲಿನ ಮೂಲಕ ತಳ್ಳುತ್ತದೆ. ಆ ಎಣ್ಣೆ ಹಬ್ಬಿಗೆ, ಅಲ್ಲಿಂದ ಬ್ರೇಕಿನ ಲೈನರಿಗೆ ಇಳಿಯುತ್ತದೆ. ಎಷ್ಟು ಹೊಸ ಸೀಲ್ ಹಾಕಿದರೂ ಸೋರಿಕೆ ನಿಲ್ಲದಿದ್ದರೆ ಮೊದಲು ನೋಡಬೇಕಾದದ್ದು ಈ ತೂತನ್ನು. ಎರಡನೆಯದು, ಸೀಲಿನ ತುಟಿ ಉಜ್ಜುವ ಜಾಗ. ಅಲ್ಲಿ ಗೀರು ಬಿದ್ದಿದ್ದರೆ ಹೊಸ ಸೀಲೂ ನಿಲ್ಲದು. ಅಂಥಲ್ಲಿ ಜಾಗವಿದ್ದರೆ ಸೀಲನ್ನು ಕೂದಲೆಳೆಯಷ್ಟು ಒಳಗೆ ಅಥವಾ ಹೊರಗೆ ಕೂರಿಸಿ, ತುಟಿಗೆ ಗೀರಿಲ್ಲದ ಜಾಗ ಸಿಗುವಂತೆ ಮಾಡುತ್ತಾರೆ.

ಎಣ್ಣೆಯ ಒತ್ತಡ, ಎಣ್ಣೆಯ ದೌರ್ಬಲ್ಯ

ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒಂದು ಕಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂದು ತೋರಿಸಿದವನು 17ನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಪ್ಯಾಸ್ಕಲ್. 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರು ಈ ತತ್ವವನ್ನು ನಾಲ್ಕೂ ಗಾಲಿಯ ಬ್ರೇಕಿಗೆ ಅಳವಡಿಸಿಕೊಂಡಿತು. ಯುದ್ಧಕಾಲದ ಜೀಪಿನಲ್ಲೂ ಅದೇ ತತ್ವ. ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರಿನಿಂದ ಬ್ರೇಕ್ ಆಯಿಲ್ ಪೈಪುಗಳಲ್ಲಿ ಹರಿದು, ಪ್ರತಿ ಗಾಲಿಯ ವೀಲ್ ಸಿಲಿಂಡರಿನಲ್ಲಿರುವ ರಬ್ಬರ್ ಕಪ್ಪುಗಳನ್ನು ತಳ್ಳುತ್ತದೆ. ಅವು ಎರಡು ಬ್ರೇಕ್ ಶೂಗಳನ್ನು ಹೊರಕ್ಕೆ ಒತ್ತುತ್ತವೆ. ಶೂಗಳ ಮೇಲಿನ ಲೈನರು ತಿರುಗುವ ಡ್ರಮ್ಮನ್ನು ಹಿಡಿಯುತ್ತದೆ.

ಇಲ್ಲಿ ಅಪಾಯವೊಂದು ಅಡಗಿದೆ. ಈಗಿನ ವಾಹನಗಳಲ್ಲಿ ಎರಡು ಪ್ರತ್ಯೇಕ ಸಾಲುಗಳಿರುವುದರಿಂದ ಒಂದು ಕೈಕೊಟ್ಟರೂ ಇನ್ನೊಂದು ಉಳಿಯುತ್ತದೆ. ಹಳೆಯ ಜೀಪಿನಲ್ಲಿ ನಾಲ್ಕು ಗಾಲಿಗೂ ಒಂದೇ ಸಾಲು. ಒಂದು ಕಪ್ಪು ಹರಿದರೆ, ಒಂದು ಪೈಪು ತುಕ್ಕು ಹಿಡಿದು ಒಡೆದರೆ, ಕಾಲ ಬ್ರೇಕು ಪೂರ್ತಿ ಹೋಗುತ್ತದೆ. ಉಳಿಯುವುದು ಕೈಬ್ರೇಕು ಮತ್ತು ಗೇರು ಮಾತ್ರ.

ಇಳಿಜಾರಿನಲ್ಲಿ ಹುಟ್ಟುವ ಶಾಖವನ್ನೂ ಲೆಕ್ಕ ಹಾಕಬಹುದು. ಐದು ಟನ್ ತೂಕದ ಲಾರಿ 500 ಮೀಟರ್ ಎತ್ತರದಿಂದ ಇಳಿಯುವಾಗ ಬ್ರೇಕೊಂದನ್ನೇ ನಂಬಿದರೆ, ಡ್ರಮ್ಮುಗಳಲ್ಲಿ ಹುಟ್ಟುವ ಶಾಖ ಸುಮಾರು 80 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬ ಹಳೆಯ ಡ್ರೈವರುಗಳ ಮಾತಿಗೆ ಇದೇ ಆಧಾರ. ಎಂಜಿನ್ ತಡೆದಷ್ಟು ಭಾರ ಬ್ರೇಕಿಗೆ ಕಡಿಮೆಯಾಗುತ್ತದೆ.

ಬ್ರೇಕ್ ಆಯಿಲಿಗೆ ಗಾಳಿಯ ತೇವವನ್ನು ಹೀರುವ ಗುಣವಿದೆ. ಸಾಮಾನ್ಯ ಬಳಕೆಯ ಡಾಟ್ 3 ಎಣ್ಣೆ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಶೇಕಡಾ ನಾಲ್ಕರ ಸಮೀಪ ನೀರು ಸೇರಿದರೆ ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಕಾದ ಡ್ರಮ್ಮಿನ ಪಕ್ಕದಲ್ಲಿ ಎಣ್ಣೆ ಕುದಿದು ಆವಿಯಾದರೆ ಪೆಡಲ್ ಸ್ಪಂಜಿನಂತೆ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ತಿಂಗಳುಗಟ್ಟಲೆ ಬಟ್ಟೆ ಒಣಗದ ಮಲೆನಾಡಿನಲ್ಲಿ ಬಯಲುಸೀಮೆಗಿಂತ ಬೇಗ ಈ ಎಣ್ಣೆ ಬದಲಾಯಿಸಬೇಕಾದ ಕಾರಣ ಇದು. ಮುಚ್ಚಳ ತೆಗೆದಿಟ್ಟ ಹಳೆಯ ಡಬ್ಬಿಯ ಎಣ್ಣೆಯನ್ನು ಬಳಸಬಾರದೆಂಬುದಕ್ಕೂ ಇದೇ ಕಾರಣ.

ಬಿಚ್ಚುವ ಕ್ರಮ

ಹಬ್ ಬಿಚ್ಚುವ ಮೊದಲು ಗಟ್ಟಿ ನೆಲ ಹುಡುಕಬೇಕು, ನೆಲದ ಮೇಲಿರುವ ಗಾಲಿಗಳಿಗೆ ಕಲ್ಲು ಕೊಡಬೇಕು. ಎತ್ತಿದ ಗಾಡಿಯನ್ನು ಜ್ಯಾಕಿಯೊಂದರ ಮೇಲೆ ನಂಬಿ ಬಿಡದೆ ಗಟ್ಟಿ ಸ್ಟ್ಯಾಂಡ್ ಕೊಡಬೇಕು. ವಿಲ್ಲೀಸ್ ಜೀಪಿನ ಎಡಬದಿಯ ಗಾಲಿಗಳ ನಟ್ಟುಗಳಿಗೆ ಉಲ್ಟಾ ಮರೆ ಇರುತ್ತದೆ. ಓಡುವಾಗ ನಟ್ಟು ತಾನಾಗಿ ಸಡಿಲವಾಗದಿರಲೆಂದು ಮಾಡಿದ ಏರ್ಪಾಡು ಇದು. ತಿಳಿಯದವರು ಬಿಚ್ಚುತ್ತೇವೆಂದುಕೊಂಡು ಇನ್ನಷ್ಟು ಬಿಗಿದು ಬೋಲ್ಟನ್ನೇ ಮುರಿಯುತ್ತಾರೆ. ಯುದ್ಧಕಾಲದ ಕೆಲವು ಡಿಸ್ಕುಗಳು ಎರಡು ಹೋಳುಗಳನ್ನು ಬೋಲ್ಟಿನಿಂದ ಜೋಡಿಸಿದಂಥವು. ಟೈರಿನಲ್ಲಿ ಗಾಳಿಯಿರುವಾಗ ಆ ಬೋಲ್ಟುಗಳಿಗೆ ಕೈಹಾಕಿದರೆ ಡಿಸ್ಕು ಸಿಡಿದು ಪ್ರಾಣಕ್ಕೇ ಅಪಾಯ. ಗಾಳಿ ಪೂರ್ತಿ ಇಳಿಸದೆ ಅವನ್ನು ಮುಟ್ಟಬಾರದು.

ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆಯಬಹುದು. ಆದರೆ ಬ್ರೇಕಿನ ರಬ್ಬರ್ ಕಪ್ಪಿಗೆ ಸೀಮೆಎಣ್ಣೆ, ಡೀಸೆಲ್, ಎಂಜಿನ್ ಆಯಿಲ್ ಸೋಂಕಲೇಬಾರದು. ಅದು ಉಬ್ಬಿ ಸಿಲಿಂಡರಿನೊಳಗೆ ಕಚ್ಚಿಕೊಳ್ಳುತ್ತದೆ. ಅದನ್ನು ತೊಳೆಯಲು ಹೊಸ ಬ್ರೇಕ್ ಆಯಿಲೇ ತಕ್ಕದ್ದು. ಎಣ್ಣೆ ಕುಡಿದ ಲೈನರನ್ನು ಬೆಂಕಿಗೆ ಹಿಡಿದು ಒಣಗಿಸಿ ಮತ್ತೆ ಹಾಕುವ ರೂಢಿ ಕೆಲವೆಡೆ ಉಂಟು. ಬಿಸಿಯೇರಿದಾಗ ಒಳಗೆ ಉಳಿದ ಎಣ್ಣೆ ಮೇಲೆ ಬಂದು ಬ್ರೇಕು ಜಾರುತ್ತದೆ. ಒಂದು ಗಾಲಿಯ ಲೈನರ್ ಕೆಟ್ಟರೂ ಅದೇ ಎಕ್ಸೆಲ್ಲಿನ ಎರಡೂ ಬದಿ ಬದಲಾಯಿಸಬೇಕು. ಇಲ್ಲವಾದರೆ ಗಾಡಿ ಒಂದೇ ಪಕ್ಕಕ್ಕೆ ಎಳೆಯುತ್ತದೆ. ಒಂದು ಬದಿ ಕಣಿವೆಯಿರುವ ರಸ್ತೆಯಲ್ಲಿ ಇದು ಸಣ್ಣ ದೋಷವಲ್ಲ. ಎಲ್ಲ ಜೋಡಿಸಿದ ಮೇಲೆ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಗಾಲಿಯಿಂದ ಆರಂಭಿಸಿ ಪೈಪಿನೊಳಗಿನ ಗಾಳಿ ತೆಗೆಯಬೇಕು.

ಧೂಳೂ ಶತ್ರುವೇ

ಹಳೆಯ ಲೈನರುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತಿತ್ತು. ಶಾಖ ತಡೆಯುವ ಗುಣಕ್ಕಾಗಿ ಅದನ್ನು ಬಳಸಿದರು. ಡ್ರಮ್ ಬಿಚ್ಚಿದೊಡನೆ ಬಾಯಿಂದ ಊದಿ ಅಥವಾ ಗಾಳಿ ಪೈಪು ಹಿಡಿದು ಧೂಳು ಹಾರಿಸುವುದು ಗ್ಯಾರೇಜುಗಳ ಹಳೆಯ ಅಭ್ಯಾಸ. ಆ ಧೂಳಿನ ಎಳೆಗಳು ಶ್ವಾಸಕೋಶ ಸೇರಿದರೆ, ಹತ್ತಾರು ವರ್ಷಗಳ ನಂತರ ಕ್ಯಾನ್ಸರಿನಂಥ ರೋಗಕ್ಕೆ ಕಾರಣವಾಗಬಹುದೆಂದು ಈಗ ನಿಸ್ಸಂದೇಹವಾಗಿ ತಿಳಿದಿದೆ. ನೀರು ಚಿಮುಕಿಸಿ, ಒದ್ದೆ ಬಟ್ಟೆಯಿಂದ ಒರೆಸುವುದು ಲೇಸು. ಡ್ರೈವರನ ಜೀವ ಉಳಿಸುವ ಕೆಲಸ ಮೇಸ್ತ್ರಿಯ ಜೀವ ತೆಗೆಯಬಾರದಷ್ಟೆ.

ಕೈಯಿಂದ ಕೈಗೆ ಬಂದ ವಿದ್ಯೆ

ಈ ವಿದ್ಯೆ ಮಲೆನಾಡಿನಲ್ಲಿ ಹೆಚ್ಚಾಗಿ ಹರಡಿದ್ದು ಗ್ಯಾರೇಜುಗಳಲ್ಲಿ. ಕ್ಲೀನರ್ ಹುಡುಗ ಗ್ರೀಸು ತುಂಬುತ್ತ ಮೇಸ್ತ್ರಿಯಾದ. ಕೊಪ್ಪದ ಸಹಕಾರ ಸಾರಿಗೆ ಈ ಪರಂಪರೆಯಲ್ಲಿ ನೆನೆಯಬೇಕಾದ ಹೆಸರು. ಶಂಕರ್ ಕಂಪನಿ ಮುಚ್ಚಿದಾಗ ಅದರ ಕಾರ್ಮಿಕರು ತಮ್ಮ ಪಾಲಿಗೆ ಬಂದ ಕೆಲವೇ ಹಳೆಯ ಬಸ್ಸುಗಳೊಂದಿಗೆ 1991ರಲ್ಲಿ ಸಹಕಾರ ಸಂಘ ಕಟ್ಟಿದರು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೇ ಅದರ ಒಡೆಯರು. ಬ್ರೇಕು ನೋಡುವವನೇ ಬಸ್ಸಿನ ಪಾಲುದಾರನೂ ಆದ ಆ ವ್ಯವಸ್ಥೆ ಮೂರು ದಶಕಗಳ ಹತ್ತಿರ ನಡೆದು, ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹಳ್ಳಿಗಳನ್ನು ಬೆಸೆಯಿತು. ನಷ್ಟ ತಾಳಲಾರದೆ 2020ರಲ್ಲಿ ಅದು ನಿಂತಿತು.

ಹಳೆಯ ಮಿಲಿಟರಿ ಗಾಡಿಗಳೂ ಈಗ ವಿರಳ. ಉಳಿದವುಗಳಿಗೆ ಸರಿಯಾದ ಅಳತೆಯ ಸೀಲು, ಕಪ್ಪು ಸಿಗುವುದು ಕಷ್ಟ. ಅವುಗಳ ಮರ್ಮ ಬಲ್ಲ ಮೇಸ್ತ್ರಿಗಳಿಗೂ ವಯಸ್ಸಾಗಿದೆ. ಆದರೂ ಇಂಥ ಗಾಡಿಯನ್ನು ಇಟ್ಟುಕೊಂಡವರಿಗೆ ಮಳೆ ನಕ್ಷತ್ರಗಳೇ ಪಂಚಾಂಗವಾಗಬಹುದು. ಮೃಗಶಿರಾ ಹಿಡಿಯುವ ಮೊದಲು ಒಮ್ಮೆ ಬ್ರೇಕು, ಪೈಪು, ಎಣ್ಣೆ. ಮಳೆಗಾಲ ಮುಗಿದು ದೀಪಾವಳಿ ಕಳೆದ ಮೇಲೆ ಒಮ್ಮೆ ಹಬ್ಬು, ಸೀಲು, ಬೇರಿಂಗು. ನಡುವೆ ಆಳದ ಹಳ್ಳ ದಾಟಿದ ದಿನ ಪೆಡಲನ್ನು ಹಗುರವಾಗಿ ಒತ್ತಿಕೊಂಡು ಸ್ವಲ್ಪ ದೂರ ನಿಧಾನವಾಗಿ ಓಡಿಸಿ, ಲೈನರನ್ನು ಒಣಗಿಸಿಕೊಂಡೇ ಇಳಿಜಾರಿಗೆ ತಿರುಗಬೇಕು.