ಬ್ಯಾಟರಿ ಚಾಲಿತ ಸಿಂಪಡಣಾ ಯಂತ್ರದ ಬ್ಯಾಟರಿ

ಬ್ಯಾಟರಿ ಚಾಲಿತ ಸಿಂಪಡಣಾ ಯಂತ್ರವು ಬೆನ್ನಿಗೆ ಹೊತ್ತು ಬೆಳೆಗಳಿಗೆ ಔಷಧ ಸಿಂಪಡಿಸಲು ಬಳಸುವ ಕೃಷಿ ಉಪಕರಣ. ಆಡುಮಾತಿನಲ್ಲಿ ಇದನ್ನು ಬ್ಯಾಟರಿ ಪಂಪು ಅಥವಾ ಸ್ಪ್ರೇಯರ್ ಎನ್ನುತ್ತಾರೆ. ಮರುಚಾರ್ಜ್ ಮಾಡಬಹುದಾದ ಬ್ಯಾಟರಿಯೊಂದು ಇದರ ಸಣ್ಣ ಮೋಟಾರನ್ನು ನಡೆಸುತ್ತದೆ. ಹೆಚ್ಚಿನ ಯಂತ್ರಗಳ ಬ್ಯಾಟರಿಯ ಮೇಲೆ '12 ವೋಲ್ಟ್' ಎಂದು ನಮೂದಿಸಿರುತ್ತದೆ. ಆದರೆ ಈ ಒಂದೇ ಹೆಸರಿನಡಿ ರಾಸಾಯನಿಕವಾಗಿ ಬೇರೆಬೇರೆಯಾದ ಬ್ಯಾಟರಿಗಳು ದೊರೆಯುತ್ತವೆ. ಒಂದು ಬಗೆಯ ಬ್ಯಾಟರಿಗೆ ಇನ್ನೊಂದರ ಚಾರ್ಜರ್ ಬಳಸಿದರೆ ಬ್ಯಾಟರಿ ಕೆಡಬಹುದು, ಕೆಲವೊಮ್ಮೆ ಬೆಂಕಿಯೂ ಹೊತ್ತಿಕೊಳ್ಳಬಹುದು.

ತೆಂಗು ಬೆಳೆಯುವ ಪ್ರದೇಶದಲ್ಲಿ ಬಳಕೆ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ತೆಂಗು ಮತ್ತು ಕೊಬ್ಬರಿಗೆ ಹೆಸರಾಗಿವೆ. ಸುವರ್ಣಮುಖಿ ನದಿಯ ಜಲಾಶಯವಿರುವ ಬೋರನಕಣಿವೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿಗೆ ಸೇರಿದೆ. ಎತ್ತರದ ತೆಂಗಿನ ಮರಗಳಿಗೆ ಬೆನ್ನಿನ ಪಂಪು ನಿಲುಕುವುದಿಲ್ಲವಾದರೂ ಎಳೆಯ ಗಿಡಗಳಿಗೆ ಮತ್ತು ಅಂತರ ಬೆಳೆಗಳಿಗೆ ಅದು ಉಪಯುಕ್ತ. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿ ಭಾಗದಲ್ಲಿ ಕಂಡುಬಂದು ಮುಂದೆ ಕರ್ನಾಟಕಕ್ಕೂ ಹರಡಿದ ಸುರುಳಿ ಬಿಳಿನೊಣದ ಹತೋಟಿಗಾಗಿ ಎಳೆಯ ಗಿಡಗಳ ಗರಿಗಳ ತಳಭಾಗಕ್ಕೆ ಬೇವಿನೆಣ್ಣೆಯ ದ್ರಾವಣವನ್ನು ಸಿಂಪಡಿಸುವುದುಂಟು.

ಈ ಭಾಗದಲ್ಲಿ ಉಂಡೆ ಕೊಬ್ಬರಿ ತಯಾರಿಸಲು ಬಲಿತ ಕಾಯಿಗಳನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಡುತ್ತಾರೆ. ಒಣಗಿದ ಸಿಪ್ಪೆ, ನಾರು, ಗರಿ ಹಾಗೂ ಎಣ್ಣೆಯಂಶವಿರುವ ಕೊಬ್ಬರಿ ಸುಲಭವಾಗಿ ಉರಿಯುತ್ತವೆ. ಅಂಥ ಅಟ್ಟದ ಕೆಳಗೆ ಚಾರ್ಜಿಗಿಟ್ಟ ಬ್ಯಾಟರಿ ಹೊತ್ತಿಕೊಂಡರೆ ವರ್ಷದ ಫಸಲಿಗೂ ಮನೆಗೂ ಅಪಾಯ.

ವಿಧಗಳು

ಸೀಸ-ಆಮ್ಲ ಬ್ಯಾಟರಿ: 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ರೂಪಿಸಿದ ಬಗೆ. ತಲಾ 2 ವೋಲ್ಟಿನ ಆರು ಕೋಶಗಳು ಸೇರಿ 12 ವೋಲ್ಟ್ ಆಗುತ್ತದೆ. ಬೆಲೆ ಕಡಿಮೆ, ಭಾರ ಹೆಚ್ಚು. ಸಾಮಾನ್ಯವಾಗಿ ಸುಮಾರು 14.4 ವೋಲ್ಟಿನವರೆಗೆ ಚಾರ್ಜ್ ಮಾಡಲಾಗುತ್ತದೆ. ಖಾಲಿಯಾದ ಸ್ಥಿತಿಯಲ್ಲೇ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಸಾಮರ್ಥ್ಯ ಕುಗ್ಗುತ್ತದೆ.

ಲಿಥಿಯಮ್-ಅಯಾನ್ ಬ್ಯಾಟರಿ: 1991ರಲ್ಲಿ ಸೋನಿ ಸಂಸ್ಥೆ ಮಾರುಕಟ್ಟೆಗೆ ತಂದಿತು. ಸಾಲಾಗಿ ಜೋಡಿಸಿದ ಮೂರು ಕೋಶಗಳ ಕಟ್ಟಿನ ಸಾಮಾನ್ಯ ವೋಲ್ಟೇಜ್ 11.1, ಪೂರ್ಣ ಚಾರ್ಜಿನಲ್ಲಿ 12.6. ಹಗುರವಾದರೂ ಅತಿಚಾರ್ಜ್ ಆದರೆ ಒಳಗಿನ ಉಷ್ಣತೆ ತಾನಾಗಿಯೇ ಏರುತ್ತಾ ಹೋಗಿ ಬೆಂಕಿ ಹೊತ್ತಿಕೊಳ್ಳಬಹುದು. ಡ್ರೋನ್ ಮತ್ತು ಏರ್‌ಸಾಫ್ಟ್ ಆಟದ ವಿದ್ಯುತ್ ಬಂದೂಕುಗಳಲ್ಲಿ ಬಳಸುವ ಲಿಥಿಯಮ್ ಪಾಲಿಮರ್ ಬ್ಯಾಟರಿಯೂ ಇದೇ ಕುಟುಂಬದ್ದು. ಅದರ ಹೊದಿಕೆ ಮೆತ್ತಗಿರುವುದರಿಂದ ಪೆಟ್ಟಿಗೆ ಬೇಗ ಜಖಂ ಆಗುತ್ತದೆ.

ಲಿಥಿಯಮ್ ಕಬ್ಬಿಣ ಫಾಸ್ಫೇಟ್ ಬ್ಯಾಟರಿ: ನಾಲ್ಕು ಕೋಶಗಳ ಕಟ್ಟಿನ ಸಾಮಾನ್ಯ ವೋಲ್ಟೇಜ್ 12.8, ಪೂರ್ಣ ಚಾರ್ಜಿನಲ್ಲಿ 14.6. ಅಷ್ಟೇ ಶಕ್ತಿಗೆ ಹಿಂದಿನ ಬಗೆಗಿಂತ ತುಸು ಭಾರ, ಆದರೆ ಶಾಖವನ್ನು ಹೆಚ್ಚು ತಡೆದುಕೊಳ್ಳುತ್ತದೆ ಮತ್ತು ಹೆಚ್ಚು ಬಾರಿ ಚಾರ್ಜ್ ಮಾಡಬಹುದು.

ಆಯ್ಕೆ

ಬ್ಯಾಟರಿಯ ವೋಲ್ಟೇಜ್ ಯಂತ್ರಕ್ಕೂ, ಪೂರ್ಣ ಚಾರ್ಜಿನ ವೋಲ್ಟೇಜ್ ಚಾರ್ಜರಿಗೂ ಹೊಂದಬೇಕು. ಪಿನ್ನು ಕೂತಿತೆಂದ ಮಾತ್ರಕ್ಕೆ ಚಾರ್ಜರ್ ಸರಿಯಾದುದೆಂದು ಅರ್ಥವಲ್ಲ. 14.4 ವೋಲ್ಟಿನ ಸೀಸ-ಆಮ್ಲ ಚಾರ್ಜರನ್ನು 12.6 ವೋಲ್ಟಿನ ಲಿಥಿಯಮ್ ಕಟ್ಟಿಗೆ ಜೋಡಿಸಿದರೆ ಪ್ರತಿ ಕೋಶವೂ 4.2 ವೋಲ್ಟಿನ ಮಿತಿ ದಾಟಿ 4.8 ವೋಲ್ಟಿನವರೆಗೆ ಹೋಗಬಹುದು. ಆಗ ಅಪಾಯವನ್ನು ತಡೆಯಲು ಉಳಿಯುವುದು ಕಟ್ಟಿನೊಳಗಿನ ರಕ್ಷಣಾ ಮಂಡಲ ಮಾತ್ರ. ಆದ್ದರಿಂದ ಅಂಥ ಮಂಡಲವಿಲ್ಲದ ಲಿಥಿಯಮ್ ಕಟ್ಟು ಸೂಕ್ತವಲ್ಲ. ಹಳೆಯ ಯಂತ್ರದ ಸೀಸ-ಆಮ್ಲ ಬ್ಯಾಟರಿಯನ್ನು ತೆಗೆದು ಲಿಥಿಯಮ್ ಹಾಕುವಾಗ ಚಾರ್ಜರನ್ನೂ ಬದಲಿಸಬೇಕಾಗುತ್ತದೆ.

ಸಾಮರ್ಥ್ಯವನ್ನು ಆಂಪೇರ್-ಗಂಟೆಯಲ್ಲಿ ಅಳೆಯುತ್ತಾರೆ. 8 ಆಂಪೇರ್-ಗಂಟೆಯ ಬ್ಯಾಟರಿ 2 ಆಂಪೇರ್ ಸೆಳೆಯುವ ಮೋಟಾರನ್ನು ಲೆಕ್ಕದ ಪ್ರಕಾರ 4 ಗಂಟೆ ನಡೆಸುತ್ತದೆ. ವಾಸ್ತವದಲ್ಲಿ ಅವಧಿ ಇದಕ್ಕಿಂತ ಕಡಿಮೆ.

ಭಾರತದಲ್ಲಿ ಒಯ್ಯಬಹುದಾದ ಲಿಥಿಯಮ್ ಮತ್ತು ನಿಕಲ್ ಬ್ಯಾಟರಿಗಳ ಸುರಕ್ಷತೆಗೆ ಐಎಸ್ 16046 ಮಾನಕವಿದೆ. ನೋಂದಾಯಿತ ಬ್ಯಾಟರಿಯ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತು ಮತ್ತು 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರುತ್ತದೆ.

ಸುರಕ್ಷತೆ

ಬ್ಯಾಟರಿಯನ್ನು ಅಟ್ಟ, ಸಿಪ್ಪೆಯ ರಾಶಿ ಮತ್ತು ಹಾಸಿಗೆಗಳಿಂದ ದೂರದಲ್ಲಿ, ಗಾಳಿಯಾಡುವ ಸಿಮೆಂಟು ನೆಲದ ಮೇಲಿಟ್ಟು, ಎಚ್ಚರವಿರುವ ವೇಳೆಯಲ್ಲಿ ಚಾರ್ಜ್ ಮಾಡಬೇಕು. ಬಿಸಿಲಲ್ಲಿ ಬಳಸಿ ಬಿಸಿಯಾದ ಬ್ಯಾಟರಿ ತಣಿದ ಮೇಲೆಯೇ ಚಾರ್ಜಿಗೆ ಹಾಕುವುದು ಸೂಕ್ತ. ಬಹುಕಾಲ ಬಳಸದಿದ್ದಲ್ಲಿ ಲಿಥಿಯಮ್ ಬ್ಯಾಟರಿಯನ್ನು ಸುಮಾರು ಅರ್ಧ ಚಾರ್ಜಿನಲ್ಲಿ, ಸೀಸ-ಆಮ್ಲ ಬ್ಯಾಟರಿಯನ್ನು ಪೂರ್ಣ ಚಾರ್ಜಿನಲ್ಲಿ ಇಡಬೇಕು. ತೊಟ್ಟಿಯಿಂದ ಸೋರುವ ಔಷಧದಿಂದ ತಂತಿಯ ತುದಿಗಳು ತುಕ್ಕು ಹಿಡಿಯುವುದರಿಂದ ಅವುಗಳನ್ನು ಆಗಾಗ ಪರೀಕ್ಷಿಸಬೇಕಾಗುತ್ತದೆ.

ಊದಿಕೊಂಡ, ಸೋರುವ ಅಥವಾ ವಿಚಿತ್ರ ವಾಸನೆ ಬರುವ ಬ್ಯಾಟರಿಯನ್ನು ಮತ್ತೆ ಬಳಸಬಾರದು. ಲಿಥಿಯಮ್ ಬ್ಯಾಟರಿ ಉರಿಯುವಾಗ ವಿಷಾನಿಲ ಹೊರಬರುವುದರಿಂದ ಜನರು ಮೊದಲು ಹೊರಗೆ ಬಂದು ಅಗ್ನಿಶಾಮಕ ದಳದ 101 ಅಥವಾ ತುರ್ತು ಸೇವೆಯ 112ಕ್ಕೆ ಕರೆಮಾಡಬೇಕು.

ವಿಲೇವಾರಿ

2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳ ಸಂಗ್ರಹಣೆ ಮತ್ತು ಮರುಬಳಕೆಯ ಹೊಣೆ ಉತ್ಪಾದಕರದ್ದು. ಬಳಕೆದಾರರು ಅವುಗಳನ್ನು ಇತರ ಕಸದೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಒಪ್ಪಿಸಬೇಕು. ಸೀಸ ಮತ್ತು ಆಮ್ಲ ಮಣ್ಣನ್ನೂ ನೀರನ್ನೂ ಕೆಡಿಸುವುದರಿಂದ ಹಳೆಯ ಬ್ಯಾಟರಿಯನ್ನು ತೋಟದಲ್ಲಿ ಹೂಳುವುದು, ಒಡೆಯುವುದು ಅಥವಾ ಸುಡುವುದು ಹಾನಿಕರ.