ಕೊನೆಯ ಎರಡು ವಾರ ಕಡಿಮೆ ಓಡಿ

ನಮ್ಮ ಚಿಮ್ಮಡದಲ್ಲಿ ನಸುಕಿಗೇ ಓಡುವ ಹುಡುಗರ ಕನಸು ಒಂದೇ: ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆ. ಅದಕ್ಕೆ 1,600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ನನ್ನ ಗೆಳೆಯ ದೈಹಿಕ ಪರೀಕ್ಷೆಯ ಮುನ್ನಾದಿನವೂ ಹತ್ತು ಕಿಲೊಮೀಟರ್ ಓಡಿದ. ಮರುದಿನ ಕೊನೆಯ ಸುತ್ತಿನಲ್ಲಿ ಕಾಲೇ ಏಳಲಿಲ್ಲ. ಎಂಟು ಸೆಕೆಂಡಿನಲ್ಲಿ ನೌಕರಿ ತಪ್ಪಿತು. ಸ್ಟಾಪ್‌ವಾಚ್ ಹಿಡಿದು ‘ಇನ್ನೊಂದು ಸುತ್ತು’ ಎಂದವನು ನಾನೇ.

ಆಮೇಲೆ ಓದಿ ತಿಳಿದೆ. ಸ್ಪರ್ಧೆಗೆ ಮುಂಚೆ ಅಭ್ಯಾಸ ತಗ್ಗಿಸುವುದಕ್ಕೆ ಕ್ರೀಡಾ ವಿಜ್ಞಾನದಲ್ಲಿ ‘ಟೇಪರಿಂಗ್’ ಎನ್ನುತ್ತಾರೆ. ಕ್ರೀಡಾಪಟುಗಳ ಮೇಲಿನ ಹಲವು ಅಧ್ಯಯನಗಳನ್ನು 2007ರಲ್ಲಿ ಒಟ್ಟಿಗೆ ವಿಶ್ಲೇಷಿಸಿದಾಗ, ಎರಡು ವಾರ ಅಭ್ಯಾಸದ ಪ್ರಮಾಣವನ್ನು ಶೇ 41ರಿಂದ 60ರಷ್ಟು ಇಳಿಸಿದವರಿಗೆ ಹೆಚ್ಚು ಲಾಭವಾಗಿತ್ತು. ವೇಗವನ್ನು ಮಾತ್ರ ಇಳಿಸಬಾರದು. ಆಗ ದಣಿವು ಕರಗುತ್ತದೆ, ಗಳಿಸಿದ ಕಸುವು ಉಳಿಯುತ್ತದೆ.

ಗೆಳೆಯ ಮತ್ತೆ ತಯಾರಿ ನಡೆಸಿದ್ದಾನೆ. ಈ ಸಲ ‘ಸಾಕು’ ಎನ್ನುವುದೇ ನನ್ನ ಕೆಲಸ.