ಪಾರದರ್ಶಕ ಆಲೇಖಗಳಲ್ಲಿ ಅಕ್ಷರಾಂಕನ: ಬಂಡೀಪುರದ ಹುಲಿಗಣತಿಯ ಒಂದು ನಿದರ್ಶನ

ಉಪನ್ಯಾಸಗಳಲ್ಲಿ ಸ್ಲೈಡುಗಳನ್ನು ತೋರಿಸುವ ಪದ್ಧತಿ ಇಂದು ಎಲ್ಲ ವಿಭಾಗಗಳಲ್ಲಿಯೂ ರೂಢಮೂಲವಾಗಿದೆ. ಒಂದರ ಮೇಲೊಂದು ಬೀಳುವ ಎರಡು ಆಲೇಖಗಳನ್ನು ಏಕಕಾಲದಲ್ಲಿ ಕಾಣಿಸಬೇಕಾದಾಗ ಮೇಲಿನದನ್ನು ಪಾರದರ್ಶಕವಾಗಿ ರಚಿಸುವುದುಂಟು. ಇಂತಹ ಆಲೇಖಗಳಲ್ಲಿ ಹೆಸರು ಮತ್ತು ಅಂಕಿಗಳನ್ನು ಸ್ಫುಟವಾಗಿ ಬರೆಯುವ ಕ್ರಮವನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಆಲೇಖದ ಮೈಮೇಲೆಯೇ ಹೆಸರನ್ನು ಬರೆಯುವುದು ಹೊಸ ಸಂಪ್ರದಾಯವೇನಲ್ಲ. ೧೭೮೬ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ವಿಲಿಯಂ ಪ್ಲೇಫೇರನ ವಾಣಿಜ್ಯ ಅಟ್ಲಾಸಿನಲ್ಲಿ ಆಮದು ರಫ್ತುಗಳ ರೇಖೆಗಳ ಪಕ್ಕದಲ್ಲಿಯೇ ಅವುಗಳ ಹೆಸರುಗಳಿವೆ. ಓದುಗನು ಅರ್ಥವನ್ನು ಬೇರೆಡೆ ಹುಡುಕಬೇಕಾದ ಪ್ರಮೇಯವಿಲ್ಲ.

ಈ ಕ್ರಮದ ಅಗತ್ಯವನ್ನು ಬಂಡೀಪುರದ ಅಂಕಿಗಳಿಂದ ಮನಗಾಣಬಹುದು. ೧೯೭೩ರಲ್ಲಿ ಹುಲಿ ಯೋಜನೆ ಆರಂಭವಾದಾಗ ಅದಕ್ಕೆ ಸೇರಿದ ಮೊದಲ ಒಂಬತ್ತು ಪ್ರದೇಶಗಳಲ್ಲಿ ಬಂಡೀಪುರವೂ ಒಂದು. ರಾಷ್ಟ್ರೀಯ ಗಣತಿಯು ಪ್ರತಿಯೊಂದು ಸಂರಕ್ಷಿತ ಪ್ರದೇಶಕ್ಕೂ ಎರಡು ಸಂಖ್ಯೆಗಳನ್ನು ಕೊಡುತ್ತದೆ: ಪ್ರದೇಶದ ಒಳಗಿರುವ ಹುಲಿಗಳದು ಒಂದು, ಅವುಗಳ ಜೊತೆಗೆ, ಸುತ್ತಲಿನ ಕಾಡುಗಳಲ್ಲಿದ್ದು ಆ ಪ್ರದೇಶವನ್ನು ಬಳಸುವ ಹುಲಿಗಳನ್ನೂ ಸೇರಿಸಿದ್ದು ಇನ್ನೊಂದು. ಬಂಡೀಪುರಕ್ಕೆ ೨೦೧೮ರಲ್ಲಿ ಇವು ೧೨೬ ಮತ್ತು ೧೭೩. ೨೦೨೨ರಲ್ಲಿ ೧೫೦ ಮತ್ತು ೧೯೧.

ಈ ಸಂಖ್ಯೆಗಳನ್ನು ಹೆಸರಿಲ್ಲದ ಪಾರದರ್ಶಕ ಸ್ತಂಭಗಳಲ್ಲಿ ತೋರಿಸಿದರೆ ಮೂರು ಬಗೆಯ ಪ್ರಮಾದಗಳಿಗೆ ಎಡೆಯಾಗುತ್ತದೆ. ೧೫೦ನ್ನೂ ೧೯೧ನ್ನೂ ಕೂಡಿಸಿ ೩೪೧ ಹುಲಿಗಳೆಂದು ನೋಟಕನು ಎಣಿಸಬಹುದು. ಎರಡೂ ಬಣ್ಣಗಳು ಬೆರೆತು ಗಾಢವಾದ ಭಾಗವನ್ನು ಮೂರನೆಯ ವರ್ಗವೆಂದು ಭಾವಿಸಬಹುದು. ಬಣ್ಣಗಳ ಸೂಚಿಯಲ್ಲಿ ಆ ಬೆರಕೆಯ ಬಣ್ಣವೇ ಇರುವುದಿಲ್ಲ. ಎಲ್ಲಕ್ಕಿಂತ ಗುರುತರವಾದುದು, ಒಂದು ವರ್ಷದ ೧೨೬ನ್ನು ಇನ್ನೊಂದು ವರ್ಷದ ೧೯೧ಕ್ಕೆ ಹೋಲಿಸಿ ೬೫ ಹುಲಿಗಳು ಹೆಚ್ಚಿದವೆಂದು ಹೇಳಬಹುದು. ಸಮಾನವಾದವುಗಳನ್ನು ಹೋಲಿಸಿದರೆ ಹೆಚ್ಚಳವು ೨೪ ಅಥವಾ ೧೮ ಮಾತ್ರ. ಕಾಡಂಚಿನಲ್ಲಿ ಹೊಲ ಉಳುವ ಗುಂಡ್ಲುಪೇಟೆಯ ರೈತನಿಗೆ ಈ ವ್ಯತ್ಯಾಸವು ಕೇವಲ ಗಣಿತದ ಮಾತಲ್ಲ.

ಅಕ್ಷರಗಳು ಮಸುಕಾಗಲು ಮುಖ್ಯ ಕಾರಣ ಪಾರದರ್ಶಕತೆಯನ್ನು ಇಡೀ ಚಿತ್ರಕ್ಕೆ ಅನ್ವಯಿಸುವುದು. ಸಿದ್ಧವಾದ ಆಲೇಖವನ್ನು ಚಿತ್ರವಾಗಿ ಸೇರಿಸಿ ಅನಂತರ ತಿಳಿಗೊಳಿಸಿದರೆ ಸ್ತಂಭದೊಡನೆ ಅಕ್ಷರಗಳೂ ತಿಳಿಯಾಗುತ್ತವೆ. ಆದುದರಿಂದ ಸ್ತಂಭದೊಳಗಿನ ಬಣ್ಣವನ್ನು ಮಾತ್ರ ಪಾರದರ್ಶಕಗೊಳಿಸಿ, ಅಕ್ಷರಗಳನ್ನು ಬೇರೆ ಪಠ್ಯಚೌಕದಲ್ಲಿ ಬರೆದು ಎಲ್ಲಕ್ಕೂ ಮೇಲಿನ ಪದರದಲ್ಲಿ ಇರಿಸತಕ್ಕದ್ದು.

ಎರಡನೆಯದಾಗಿ, ಅಕ್ಷರದ ಸ್ಫುಟತೆಯನ್ನು ನಾವು ಆರಿಸಿದ ಬಣ್ಣದಿಂದಲ್ಲ, ಬೆರೆತ ಮೇಲೆ ಉಂಟಾಗುವ ಬಣ್ಣದಿಂದ ಅಳೆಯಬೇಕು. ಕಪ್ಪು ಸ್ತಂಭದ ಮೇಲೆ ಬಿಳಿಯ ಅಕ್ಷರದ ಕಾಂತಿಭೇದವು ೨೧ಕ್ಕೆ ೧ರ ಪ್ರಮಾಣದಲ್ಲಿರುತ್ತದೆ. ಅದೇ ಸ್ತಂಭವನ್ನು ಬಿಳಿಯ ಸ್ಲೈಡಿನ ಮೇಲೆ ಅರ್ಧ ಪಾರದರ್ಶಕಗೊಳಿಸಿದರೆ ಈ ಪ್ರಮಾಣವು ಸುಮಾರು ೪ಕ್ಕೆ ೧ಕ್ಕೆ ಇಳಿಯುತ್ತದೆ. ಜಾಲಪುಟಗಳಿಗಾಗಿ ರೂಪಿತವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯು ಸಾಮಾನ್ಯ ಅಕ್ಷರಗಳಿಗೆ ಕನಿಷ್ಠ ೪.೫ನ್ನೂ ದೊಡ್ಡ ಅಕ್ಷರಗಳಿಗೆ ೩ನ್ನೂ ವಿಧಿಸಿದೆ; ಸ್ಲೈಡುಗಳಿಗೂ ಇದು ಉಪಯುಕ್ತವಾದ ಅಳತೆ.

ಮೂರನೆಯದು ಹಿನ್ನೆಲೆಯ ವಿಚಾರ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಛಾಯಾಚಿತ್ರದ ಮೇಲೆ ಆಲೇಖವನ್ನಿಟ್ಟರೆ, ಬಿಳಿಯ ಅಕ್ಷರಗಳು ಮಂಜಿನಲ್ಲಿಯೂ ಕರಿಯ ಅಕ್ಷರಗಳು ಕಾಡಿನ ನೆರಳಿನಲ್ಲಿಯೂ ಮರೆಯಾಗುತ್ತವೆ. ಅಲ್ಲಿ ಅಕ್ಷರಗಳ ಹಿಂದೆ ಪಾರದರ್ಶಕವಲ್ಲದ ಒಂದು ಪಟ್ಟಿಯನ್ನು ಇಡುವುದು ಲೇಸು. ಹಿನ್ನೆಲೆಯಿಲ್ಲದೆ ಉಳಿಸಿದ ಆಲೇಖದ ಕಪ್ಪು ಅಕ್ಷರಗಳು ಕಡುಬಣ್ಣದ ಸ್ಲೈಡಿನಲ್ಲಿ ಪೂರ್ಣವಾಗಿ ಅಳಿಸಿಹೋದಂತೆ ಕಾಣುವುದರಿಂದ, ಅದನ್ನು ಬಳಸುವ ಸ್ಲೈಡಿನ ಮೇಲೆಯೇ ಪರೀಕ್ಷಿಸಿ ನೋಡುವುದು ಅವಶ್ಯ.

ಸ್ತಂಭವು ಕಿರಿದಾದಲ್ಲಿ ಹೆಸರನ್ನು ಹೊರಗೆ ಬರೆದು ತೆಳುವಾದ ಗೆರೆಯಿಂದ ಜೋಡಿಸಬಹುದು. ಆದರೆ ಬರೆಯುವ ಮಾತು ಪೂರ್ಣವಾಗಿರಬೇಕು. ಬರಿಯ ‘೧೯೧’ ಎಂಬ ಅಂಕಿಗಿಂತ ‘ಪ್ರದೇಶವನ್ನು ಬಳಸುವ ಒಟ್ಟು ಹುಲಿಗಳು ೧೯೧, ಇವುಗಳಲ್ಲಿ ಒಳಗಿರುವವು ೧೫೦’ ಎಂಬ ಬರವಣಿಗೆ ಶ್ರೇಷ್ಠ. ಶಾಸನದ ಪಾಠಕ್ಕೆ ಕಾಲವನ್ನೂ ಸ್ಥಳವನ್ನೂ ಸೂಚಿಸುವಂತೆ, ಆಲೇಖದ ಕೆಳಗೆ ಗಣತಿಯ ವರ್ಷವನ್ನೂ ಎಣಿಕೆಯ ವ್ಯಾಖ್ಯೆಯನ್ನೂ ನಮೂದಿಸುವುದು ಸಂಶೋಧಕನ ಕರ್ತವ್ಯ.